ಫ್ಯಾನಿಗೆ ಕಟ್ಟಿದ ಒಂಬತ್ತು ನೂಲು

ರಾಜರತ್ನ ಸರ್ ಅವರ ಕೊನೆಯ ಪಾಠಕ್ಕೆ ಕೊನೆಯ ಪ್ರಶ್ನೆ ಕೇಳಬೇಕಾದವಳು ಸುಕನ್ಯಾ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ, ಮೇ ತಿಂಗಳ ಆ ಮಧ್ಯಾಹ್ನ ಅವಳು ಯಾಕೆ ಒಂದರ ಬದಲು ಎರಡು ಪ್ರಶ್ನೆ ಹೊತ್ತು ಬಂದಿದ್ದಳೆಂದು ಯಾರಿಗೂ ತಿಳಿಯುವುದಿಲ್ಲ.

ಹುಬ್ಬಳ್ಳಿಯ ಆ ಕಾಲೇಜಿನಲ್ಲಿ ನಿವೃತ್ತರಾಗುವವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಇದ್ದದ್ದೇ. ಆದರೆ ಗಣಿತ ವಿಭಾಗದವರದು ಇನ್ನೊಂದು ಪದ್ಧತಿ. ಹೋಗುವವರು ಹೋಗುವ ದಿನ ಮೂಲೆಯ ಹಳೇ ಕೋಣೆಯಲ್ಲಿ ಒಂದು ಪಾಠ ಮಾಡಬೇಕು. ಇಷ್ಟು ವರ್ಷದಲ್ಲಿ ತಮಗೆ ಅತಿ ಚೆಂದವೆಂದು ಕಂಡದ್ದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಪಾಠ ಮುಗಿದ ಮೇಲೆ ಅವರ ಕೈಯಲ್ಲೇ ಕಲಿತ ಒಬ್ಬರು ಎದ್ದು ಒಂದೇ ಒಂದು ಪ್ರಶ್ನೆ ಕೇಳಬೇಕು. ಅದಕ್ಕೆ ಉತ್ತರ ಹೇಳಿ, ಸೀಮೆಸುಣ್ಣದ ತುಂಡನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟರೆ ನೌಕರಿ ಮುಗಿಯಿತು. ಸರ್ಕಾರದ ಆದೇಶ ಯಾವತ್ತೇ ಬರಲಿ, ಆ ವಿಭಾಗದವರ ಲೆಕ್ಕದಲ್ಲಿ ನಿವೃತ್ತಿಯೆಂದರೆ ಆ ಟಕ್ ಸದ್ದು. ಅದಾದ ಮೇಲೆಯೇ ಪ್ರಿನ್ಸಿಪಾಲರು ಶಾಲು ಹೊದಿಸುವುದು.

ಸಾಮಾನ್ಯವಾಗಿ ಈ ಪ್ರಶ್ನೆ ಮೊದಲೇ ಮಾತಾಡಿಕೊಂಡದ್ದಾಗಿರುತ್ತಿತ್ತು. ಹೋಗುವವರನ್ನು ಹೋಗುವ ದಿನ ತಡವರಿಸುವಂತೆ ಮಾಡಲು ಯಾರಿಗೆ ತಾನೇ ಮನಸ್ಸಾದೀತು? ಧಾರವಾಡದ ಹತ್ತಿರದ ಹೆಬ್ಬಳ್ಳಿಯ ಸುಕನ್ಯಾ ಬಿ.ಎಸ್ಸಿ.ಯಲ್ಲಿ ಸರ್ ಅವರ ಪಾಠ ಕೇಳಿ ಗಣಿತದ ಹುಚ್ಚಿಗೆ ಬಿದ್ದವಳು, ಈಗ ಅದೇ ವಿಭಾಗದಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕೂಡುವವಳು. ಅವಳಿಗೂ ಆ ಮನಸ್ಸಿರಲಿಲ್ಲ.

ಸರ್ ಅವರ ಜೀವವಿದ್ದದ್ದು ಮಲ್ಟಿಪ್ಲೈಯರ್ ಐಡಿಯಲ್ ಎಂಬ ವಿಷಯದಲ್ಲಿ. ಹೆಸರು ಕೇಳಿಯೇ ಓಡುವವರನ್ನು ಅವರು ತೋಳು ಹಿಡಿದು ಕೂಡಿಸಿ ಹೇಳುತ್ತಿದ್ದರು. ಒಂದು ಗೆರೆ ನುಣ್ಣಗೆ ಹೋಗುತ್ತಿರುತ್ತದೆ, ಒಂದು ಕಡೆ ಮುಳ್ಳಿನ ಮೊನೆಯಂತೆ ಚೂಪಾಗುತ್ತದೆ. ಆ ಮುಳ್ಳಿನ ಸುತ್ತ ಲೆಕ್ಕ ಹಾಕಲು ಹೋದರೆ ಮೊತ್ತ ಕೈಗೆ ಸಿಗದೆ ಅನಂತಕ್ಕೆ ಓಡುತ್ತದೆ. ಆದರೆ ಕೆಲವು ಸೂತ್ರಗಳಿವೆ. ಅವನ್ನು ತಂದು ಗುಣಿಸಿದರೆ ಸಾಕು, ಓಡುತ್ತಿದ್ದ ಮೊತ್ತ ತಣ್ಣಗಾಗಿ ಒಂದು ಸಂಖ್ಯೆಯಾಗಿ ಕೂತುಬಿಡುತ್ತದೆ. ಹಾಗೆ ಗುಣಿಸಿ ತಣ್ಣಗಾಗಿಸುವ ಗುಣಕರೆಲ್ಲ ಸೇರಿದರೆ ಅದೊಂದು ಮನೆತನ. ಅದಕ್ಕೆ ಅವರು ಇಟ್ಟ ಹೆಸರು ‘ಗುಣಕರ ಮನೆತನ’.

“ಮನೆತನ ಯಾಕಂತೀರಿ? ಮನಿಯವರಿಬ್ಬರನ್ನ ಕೂಡಿಸಿದ್ರ ಬರೋದು ಮನಿಯವರ. ಹೊರಗಿನವರು ಯಾರ ಬರ್ಲಿ, ಮನಿಯವರ ಜೋಡಿ ಗುಣಿಸಿದ್ರ ಬರೋದೂ ಮನಿಯವರ. ನಮ್ಮ ಭಾಗ್ಯಾನ ನೋಡ್ರಿ, ಲಗ್ನಾಗಿ ಧಾರವಾಡದಾಗ ನಮ್ಮ ಮನಿಗೆ ಬಂದ ವಾರದಾಗ ನಮ್ಮವ್ವ ನನ್ನ ಬಿಟ್ಟು ಆಕಿ ಪಾರ್ಟಿ ಸೇರಿದ್ಲು.”

ಪ್ರತಿ ವರ್ಷ ಇದೇ ಮಾತು, ಪ್ರತಿ ವರ್ಷ ಅದೇ ನಗು.

ಇಂಥ ಮನೆತನಕ್ಕೆ ಒಂದು ಗುಣವಿದೆ. ಅದು ಚೆನ್ನಾಗಿ ಮುಚ್ಚಿರುತ್ತದೆ. ಒಳಗಿರಬೇಕಾದವರು ಯಾರೂ ಹೊರಗೆ ಉಳಿದಿರುವುದಿಲ್ಲ. ಸರ್ ಇದನ್ನೇ ತಿರುಗಿಸಿ ಕೇಳಿದ್ದರು: ಹೀಗೆ ಚೆನ್ನಾಗಿ ಮುಚ್ಚಿರುವ ಪ್ರತಿಯೊಂದು ಮನೆತನವೂ ಯಾವುದೋ ಒಂದು ಮುಳ್ಳಿನ ಗುಣಕರ ಮನೆತನವೇ ಆಗಿರುತ್ತದೆಯೇ? ಉದ್ದ ಅಗಲ ಮಾತ್ರ ಇರುವ ಸಮತಟ್ಟು ಜಾಗದಲ್ಲಿ ಹೌದು. ಅದನ್ನು ಅವರು ಹರೆಯದಲ್ಲೇ ತಾವಾಗಿ ಸಾಧಿಸಿದ್ದರು. ಎತ್ತರವೂ ಸೇರಿದ ಜಾಗದಲ್ಲಿ? ಅಲ್ಲಿಯೂ ಹೌದೆಂಬುದು ಅವರ ನಂಬಿಕೆ. ಅದಕ್ಕೆ ಹಂತಹಂತವಾಗಿ ಬರೆದ ಒಂದು ಸಾಧನೆಯೂ ಇತ್ತು. ಅದರ ನಡುವೆ ಒಂದು ಕಡೆ ‘ಇದೇ ರೀತಿ’ ಎಂಬ ಎರಡು ಪದಗಳಿದ್ದವು. ಗಣಿತದ ಮಾಸ್ತರರ ಪ್ರಾಣ ತೆಗೆಯುವುದು ಇಂಥ ಪದಗಳೇ. ಬೋರ್ಡಿನ ಮೇಲೆ ನಿಜವಾದದ್ದು ಬೋರ್ಡಿನ ಹೊರಗೂ ‘ಇದೇ ರೀತಿ’ ನಿಜವೆಂದು ಬರೆದು ಮುಂದೆ ಹೋಗಿಬಿಡುವುದು.

ಇಷ್ಟೆಲ್ಲ ಬೇರೆಯವರು ಮಾಡಿರಬಹುದಲ್ಲ, ಒಮ್ಮೆ ಹುಡುಕಿ ನೋಡಬಾರದೇ ಎಂದು ನೀವು ಕೇಳಬಹುದು. ಸುಕನ್ಯಾಳೂ ಕೇಳಿದ್ದಳು.

“ಬ್ಯಾರೇದವರ ಉತ್ತರ ನೋಡಿದ್ರ ನನ್ನ ಪ್ರಶ್ನಿ ಸತ್ತ ಹೋಗ್ತದವಾ. ನಂದು ನಾ ಮಾಡಿ ಮುಗಿಸಿಂದ ನೋಡ್ತೇನಿ” ಎಂದಿದ್ದರು ಸರ್. ಹಠವೆಂದರೆ ಹಠ. ಆ ಹಠವೇ ಅವಳಿಗೆ ಇಷ್ಟವಾಗಿತ್ತು.

ಕೊನೆಯ ಪಾಠಕ್ಕೆ ವಾರವಿದ್ದಾಗ ಅವಳು ಒಂದು ಒಳ್ಳೆಯ ಪ್ರಶ್ನೆ ಹುಡುಕಲು ಕೂತಳು. ಸರ್ ಅವರ ಮಾತು ಎದ್ದು ಕಾಣುವಂಥ ಒಂದು ಉದಾಹರಣೆ ಬೇಕಿತ್ತು. ಬಂದವರಿಗೂ ಕಣ್ಣಿಗೆ ಕಟ್ಟಬೇಕು, ಸರ್ ಅವರಿಗೂ ಹಾರ ಹಾಕಿದಂತಾಗಬೇಕು. ಧಾರವಾಡದ ಕಡೆಯಿಂದ ಬರುವ ಬಸ್ಸಿನಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅತಿ ಸರಳವಾದದ್ದನ್ನೇ ಆರಿಸಿದಳು. ಒಂದು ಬಿಂದು. ಅದರ ಕೆಳಗೆ ಅವಳ ತಾಯಿ ಹನುಮವ್ವ ಅಂಗಳದಲ್ಲಿ ಇಡುವಂತೆ ಮೂರು ಸಾಲು ಚುಕ್ಕಿ, ಸಾಲಿಗೆ ಮೂರು. ಬಿಂದುವಿನಿಂದ ಒಂದೊಂದು ಚುಕ್ಕಿಗೂ ಒಂದು ಗೆರೆ. ಈ ಒಂಬತ್ತು ಗೆರೆಗಳ ಮೇಲೆ ಸೊನ್ನೆಯಾಗುವ ಸೂತ್ರಗಳ ಮನೆತನ.

ಅದು ಯಾವ ಮುಳ್ಳಿನದೆಂದು ಹುಡುಕತೊಡಗಿದಳು. ಸಿಗಲಿಲ್ಲ. ಇನ್ನೊಂದು ಕಡೆಯಿಂದ ನೋಡಿದಳು. ಆಗ ಸರ್ ತಾವೇ ಕಲಿಸಿದ್ದ ಒಂದು ಕಟ್ಟಳೆ ನೆನಪಾಯಿತು. ಗುಣಕರ ಮನೆತನದ ಹಿರಿಯರ, ಅಂದರೆ ಉಳಿದವರೆಲ್ಲ ಯಾರಿಂದ ಹುಟ್ಟುತ್ತಾರೋ ಅವರ, ನಡುವೆ ಒಂದು ನಂಟು ಇರುತ್ತದೆ. ಮುಳ್ಳಿನ ಹತ್ತಿರ ಬಂದಾಗ ಆ ನಂಟು ಸಡಿಲಾಗಬಹುದು, ಆದರೆ ಎತ್ತರವಿರುವ ಜಾಗದಲ್ಲಿ ಮೂರು ಪಟ್ಟು ಸಡಿಲಾಗುವಂತಿಲ್ಲ. ಸುಕನ್ಯಾ ತನ್ನ ಒಂಬತ್ತು ಗೆರೆಗಳ ಮನೆತನದಲ್ಲಿ ನಂಟು ಅಳೆದಳು. ಸರಿಯಾಗಿ ಮೂರು ಪಟ್ಟು. ಮತ್ತೊಮ್ಮೆ ಅಳೆದಳು. ಕಂಡಕ್ಟರ್ ಏನು ಕೂಗಿದನೋ ತಿಳಿಯದೆ, ಹುಬ್ಬಳ್ಳಿ ಬರುವ ಮೊದಲೇ ಉಣಕಲ್‌ನಲ್ಲಿ ಇಳಿದುಬಿಟ್ಟಳು.

ಕೆರೆಯ ಕಡೆಗೆ ನಡೆದು ಹೋಗಿ ದಂಡೆಯ ಕಟ್ಟೆಯ ಮೇಲೆ ಕೂತಳು. ಮೈ ಜುಮ್ಮೆನ್ನುತ್ತಿತ್ತು. ಇಷ್ಟು ಚಿಕ್ಕದಾಗಿ, ಇಷ್ಟು ಸರಳವಾಗಿ, ಮಕ್ಕಳೂ ಇಡಬಹುದಾದ ಒಂಬತ್ತು ಚುಕ್ಕಿ! ಅಷ್ಟರಲ್ಲೇ ಮೂವತ್ತು ವರ್ಷದ ನಂಬಿಕೆ ಮುಗಿದಿತ್ತು. ಮೊಬೈಲ್ ತೆಗೆದು ಹುಡುಕಿದಳು. ದೂರದ ದೇಶದವರು ಇಂಥದ್ದನ್ನು ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಮೊದಲೇ ಕಂಡು ಬರೆದಿಟ್ಟಿದ್ದರು. ಅಂದರೆ ಅವಳ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಬಾಯಿಬಿಟ್ಟೇ ಹೇಳಿಕೊಂಡಳು. ಪಕ್ಕದಲ್ಲಿ ಶೇಂಗಾ ತಿನ್ನುತ್ತಿದ್ದವರು ಸ್ವಲ್ಪ ದೂರ ಸರಿದು ಕೂತರು.

ಮೊದಲೇ ಹೇಳಿಬಿಡಬೇಕೆಂದು ವಾರವೆಲ್ಲ ಒದ್ದಾಡಿದಳು. ಕೊನೆಗೆ ಪಾಠದ ದಿನವೇ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಸರ್ ಒಬ್ಬರೇ ಸಿಕ್ಕರು. ಹೊಸ ಬಿಳಿ ಅಂಗಿ, ಜೇಬಿನಲ್ಲಿ ಹಳೇ ಪೆನ್ನು.

“ಸರ, ಆ ಪ್ರಶ್ನಿ ಬಗ್ಗೆ ಒಂದೀಟು ಮಾತಾಡೋದಿತ್ರಿ.”

ಸರ್ ಎರಡೂ ಕಿವಿ ಮುಚ್ಚಿಕೊಂಡರು. “ಒಂದಕ್ಷರ ಹೇಳಬ್ಯಾಡ. ಮೊದ್ಲ ಹೇಳಿದ್ರ ಅದು ಪ್ರಶ್ನಿ ಅಲ್ಲ, ನಾಟಕ. ಈ ಕಾಲೇಜಿನ್ಯಾಗ ಎಲ್ಲಾರೂ ನಾಟಕ ಮಾಡೇ ಹೋಗ್ಯಾರ. ನನಗ ಖರೇ ಪ್ರಶ್ನಿ ಬೇಕು.”

“ಆದ್ರೂ ಸರ...”

“ಹೋಗವಾ, ಹೋಗಿ ಬಂದವರಿಗೆ ತಿನ್ನಾಕ ಗಿರ್ಮಿಟ್ ಆತೇನು ನೋಡು.”

ಹೊರಗೆ ಬಂದರೆ ಭಾಗ್ಯಾ ಬಾಯಿ ಸಿಕ್ಕರು. ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಗಂಡನ ಪಾಠಕ್ಕೆಂದು ಧಾರವಾಡದಿಂದ ಬಂದಿದ್ದರು. ಸುಕನ್ಯಾಳ ಕೈ ಹಿಡಿದುಕೊಂಡು, “ಈ ಲೆಕ್ಕ ನಮ್ಮ ಮನ್ಯಾಗ ಮೂರನೇದವರಂಗ ಐತಿ ನೋಡು. ಊಟಕ್ಕೂ ಅದ, ಮಲಗಾಕೂ ಅದ. ಇವತ್ತ ಎಲ್ಲಾರ ಮುಂದ ಬರದು ತೋರಿಸಿದ್ರ ಅವರ ಜೀವಕ್ಕ ಸಮಾಧಾನ. ನೀ ಮತ್ತ ಭಾಳ ಕಠಿಣ ಕೇಳಿಗೀಳಿಯವಾ” ಎಂದು ನಕ್ಕರು. ಸುಕನ್ಯಾಳಿಗೆ ನಗಲು ಆಗಲಿಲ್ಲ. ಅಲ್ಲಿಯೇ ನಿಂತು ಒಂದು ಸಪ್ಪೆ ಪ್ರಶ್ನೆಯನ್ನು ಸಿದ್ಧಮಾಡಿಕೊಂಡಳು: ಸರ್, ಈ ವಿಷಯ ನಿಮಗೆ ಮೊದಲ ಸಲ ಎಲ್ಲಿ ಸಿಕ್ಕಿತು? ಇದನ್ನು ಕೇಳಿದರೆ ಯಾರಿಗೂ ನೋವಿಲ್ಲ.

ಪಾಠ ಶುರುವಾಯಿತು. ಹಳೇ ಕಲ್ಲಿನ ಕೋಣೆ, ಎತ್ತರದ ಚಾವಣಿ, ಅದರಿಂದ ಉದ್ದ ಕೊಳವೆಯಲ್ಲಿ ಇಳಿಬಿದ್ದ ಒಂದೇ ಫ್ಯಾನು. ಅದು ಮೇಷ್ಟ್ರು ನಿಲ್ಲುವ ಜಾಗದ ಮೇಲೇ ಇತ್ತು. ಗಾಳಿ ಹಿಂದಿನ ಬೆಂಚಿಗೆ ಬರುವುದಿಲ್ಲವೆಂದು ಹಿಂದಿನ ಬೆಂಚಿನವರು ಯಾವಾಗಲೂ ದೂರುತ್ತಿದ್ದರು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸರ್ ಬರೆದರು. ಅವರು ಬರೆಯುವುದನ್ನು ನೋಡುವುದೇ ಒಂದು ಸುಖ. ಮುಳ್ಳಿನ ಗೆರೆ ಬಂತು, ಮನೆತನ ಬಂತು, ಭಾಗ್ಯಾ ಬಾಯಿಯವರ ಎದುರೇ ಆ ಹಳೇ ಮಾತೂ ಬಂತು, ನಗು ಹಿಂದಿನ ಬೆಂಚಿನವರೆಗೂ ಹೋಯಿತು. ಆಮೇಲೆ ನಗು ನಿಂತಿತು. ಸಮತಟ್ಟು ಜಾಗದ ಸಾಧನೆ ಬೋರ್ಡಿನ ಮೇಲೆ ಒಂದೊಂದೇ ಹೆಜ್ಜೆ ಏರಿ ಮುಗಿದಾಗ, ಗಣಿತ ಗೊತ್ತಿಲ್ಲದವರೂ ಸುಮ್ಮನೆ ತಲೆ ತೂಗಿದರು. ಎಲ್ಲಿಯ ಚೂಪು, ಎಲ್ಲಿಯ ಅನಂತ, ಅದನ್ನು ತಣ್ಣಗಾಗಿಸುವವರ ನಡುವೆ ಇಷ್ಟು ಅಚ್ಚುಕಟ್ಟಾದ ನಂಟು! ಸುಕನ್ಯಾ ಅದನ್ನು ಎಷ್ಟೋ ಸಲ ಕೇಳಿದ್ದಳು. ಆದರೂ ಕಣ್ಣು ತುಂಬಿತು.

“ಇನ್ನ ಎತ್ತರ ಕೂಡಿಸೂಣು. ಇದೇ ರೀತಿ...” ಎಂದು ಸರ್ ಮುಂದುವರಿದು, ಕೊನೆಯ ಸಾಲನ್ನು ದೊಡ್ಡದಾಗಿ ಬರೆದರು: ಎತ್ತರವಿದ್ದರೂ ಮುಚ್ಚಿದ ಪ್ರತಿ ಮನೆತನವೂ ಗುಣಕರ ಮನೆತನವೇ. ಕೆಳಗೆ ಗೆರೆ ಎಳೆದು ಅವಳ ಕಡೆ ತಿರುಗಿದರು.

ಸುಕನ್ಯಾ ಎದ್ದು ನಿಂತಳು. ಸಪ್ಪೆ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಸರ್ ಅವಳನ್ನು ನೋಡುತ್ತಿದ್ದ ರೀತಿ, ಹಸಿದವರು ಊಟದ ತಾಟಿನ ದಾರಿ ನೋಡುವಂತೆ. ಅವರಿಗೆ ಸಮಾಧಾನ ಬೇಕಿರಲಿಲ್ಲ, ಪ್ರಶ್ನೆ ಬೇಕಿತ್ತು. ಇವರಿಗೆ ಸುಳ್ಳು ಪ್ರಶ್ನೆ ಕೊಟ್ಟು ಕಳಿಸಿದರೆ ತಾನು ಇವರ ವಿದ್ಯಾರ್ಥಿಯೇ ಅಲ್ಲ ಎಂದು ಅವಳಿಗೆ ಆ ಕ್ಷಣಕ್ಕೆ ಸ್ಪಷ್ಟವಾಯಿತು.

“ಸರ, ಒಂದು ಬಿಂದು ಐತ್ರಿ. ಅದರ ಕೆಳಗ ಮೂರು ಸಾಲು ಚುಕ್ಕಿ, ಸಾಲಿಗೆ ಮೂರು. ಬಿಂದುದಿಂದ ಒಂದೊಂದ ಚುಕ್ಕಿಗೂ ಒಂದೊಂದ ಗೆರಿ. ಈ ಒಂಬತ್ತು ಗೆರಿ ಮ್ಯಾಲ ಸೊನ್ನಿ ಆಗೋರೆಲ್ಲಾ ಕೂಡಿದ ಮನೆತನ, ಯಾವ ಮುಳ್ಳಿನ ಗುಣಕರ ಮನೆತನರಿ?”

“ಛಲೋ ಪ್ರಶ್ನಿ!” ಸರ್ ಖುಷಿಯಿಂದ ಬೋರ್ಡಿಗೆ ತಿರುಗಿದರು. ಬಿಂದು ಇಟ್ಟರು, ಗೆರೆ ಎಳೆದರು. ಚಪ್ಪಟೆ ಬೋರ್ಡಿನ ಮೇಲೆ ಒಂಬತ್ತೂ ಒಂದರ ಮೇಲೊಂದು ಬಿದ್ದು ಕಸಬರಿಗೆಯಂತೆ ಕಂಡವು. ಒರೆಸಿ ಮತ್ತೆ ಎಳೆದರು. ಮತ್ತೆ ಕಸಬರಿಗೆ. ಕೈ ನಿಂತಿತು.

“ಈ ಬೋರ್ಡಿನ್ಯಾಗ ಹಿಡಸವಲ್ದು” ಎಂದು ಸರ್ ತಮಗೇ ಎಂಬಂತೆ ಹೇಳಿ, ಹಿಂದೆ ನಿಂತಿದ್ದ ಭೌತಶಾಸ್ತ್ರ ಪ್ರಯೋಗಾಲಯದ ಶಾಬುದ್ದೀನನ ಕಡೆ ತಿರುಗಿದರು. “ಶಾಬುದ್ದೀನ, ಲೋಲಕ ಕಟ್ಟೋ ನೂಲು ಐತೇನು? ಒಂದು ಏಣಿನೂ ತೊಗೊಂಡು ಬಾ.”

“ಬೀಳ್ಕೊಡೋ ಕಾರ್ಯಕ್ರಮಕ್ಕ ಏಣಿ ಬೇಕಾಗಿದ್ದು ಇದ ಮೊದ್ಲ ನೋಡ್ರಿ ಸರ” ಎನ್ನುತ್ತ ಶಾಬುದ್ದೀನ ಹೋಗಿ ತಂದ. ಫ್ಯಾನು ಬಂದ್ ಮಾಡಿಸಿದರು. ಅದರ ನಡುವಿನ ಬಟ್ಟಲಿಗೆ ಒಂಬತ್ತು ನೂಲನ್ನು ಒಂದೇ ಗಂಟಿನಲ್ಲಿ ಕಟ್ಟಿ ಇಳಿಬಿಟ್ಟರು. ಸುಕನ್ಯಾ ನೆಲದ ಮೇಲೆ ಕೂತು ಸೀಮೆಸುಣ್ಣದಿಂದ ಚುಕ್ಕಿ ಇಟ್ಟಳು, ಗಂಟಿನ ನೇರಕ್ಕೆ ನಡುವಿನದು, ಸುತ್ತ ಎಂಟು.

ನೂಲಿನ ತುದಿ ಹಿಡಿಯಲು ಜನ ಬೇಕಲ್ಲ. “ಬರ್ರಿ, ಎಲ್ಲಾರೂ ಬರ್ರಿ” ಎಂದರು ಸರ್. ವಿದ್ಯಾರ್ಥಿಗಳು ಬಂದರು, ಭಾಗ್ಯಾ ಬಾಯಿ ಸೆರಗು ಸಿಕ್ಕಿಸಿಕೊಂಡು ಬಂದರು, ಸಫಾರಿ ಸೂಟಿನ ಪ್ರಿನ್ಸಿಪಾಲರು ಶಾಲನ್ನು ಹೆಗಲಿಗೆ ಹಾಕಿಕೊಂಡು ಮಂಡಿಯೂರಿದರು. ಒಬ್ಬೊಬ್ಬರು ಒಂದೊಂದು ನೂಲು ಹಿಡಿದು ತಮ್ಮ ಚುಕ್ಕಿಗೆ ಒತ್ತಿ ಕೂತರು. ನಡುವಿನ ನೂಲನ್ನು ಸರ್ ತಾವೇ ಹಿಡಿದು ನೆಟ್ಟಗೆ ನಿಂತರು.

ನೂಲುಗಳು ಬಿಗಿಯಾದವು. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿತ್ತು. ಅವರೆಲ್ಲ ದಿನವೂ ಓಡಾಡುವ ಗಾಳಿಯಲ್ಲಿ, ಇಷ್ಟು ಹೊತ್ತು ಏನೂ ಇಲ್ಲದಿದ್ದ ಕಡೆ, ಒಂದು ಆಕಾರ ನಿಂತಿತ್ತು.

ಸರ್ ನೂಲಿನ ನಡುವಿನಿಂದಲೇ ಪಾಠ ಮಾಡಿದರು. “ಅಡ್ಡ ಸಾಲಿನ ಮೂರು ಮೂರು ನೂಲಿಗೆ ಒಂದೊಂದು ಹಾಳಿ ಹಚ್ಚಿದೆವು ಅಂತ ತಿಳೀರಿ. ಮೂರು ಹಾಳಿ. ಮೂರನ್ನೂ ಗುಣಿಸಿದ್ರ ಒಬ್ಬ ಹಿರೇಮನಷ್ಯಾ. ಉದ್ದ ಸಾಲಿಗೂ ಹಂಗ ಮೂರು ಹಾಳಿ, ಇನ್ನೊಬ್ಬ ಹಿರೇಮನಷ್ಯಾ. ಈ ಇಬ್ಬರೂ ಎಲ್ಲಾ ನೂಲಿನ ಮ್ಯಾಲ ಸೊನ್ನಿ. ಮನ್ಯಾಗಿನ ಉಳಿದವರೆಲ್ಲಾ ಈ ಇಬ್ಬರಿಂದನ ಹುಟ್ಟಿದವರು. ಹೌದಿಲ್ಲೋ ಸುಕನ್ಯಾ?”

“ಹೌದ್ರಿ.”

“ಸೊನ್ನಿ ಆಗೋರು ಯಾರೂ ಹೊರಗ ಉಳದಿಲ್ಲ. ಮನೆತನ ಮುಚ್ಚೇತಿ. ಬೋರ್ಡಿನ ಮ್ಯಾಲಾಗಿದ್ರ ಇಂಥಾ ಇಬ್ಬರೇ ಇದ್ದ ಮನಿ ಮುಚ್ಚತಿದ್ದಿಲ್ಲ, ಯಾರರೆ ಹೊರಗ ಉಳೀತಿದ್ರು.” ಅವರ ಮಾತು ನಿಧಾನವಾಗತೊಡಗಿತು. “ಈ ಇಬ್ಬರ ನಡುವ ನಂಟು ಏನು?”

“ಮೊದಲನೇದವರನ್ನ ಎರಡನೇದವರಿಂದ ಗುಣಿಸಿದ್ರೂ, ಎರಡನೇದವರನ್ನ ಮೊದಲನೇದವರಿಂದ ಗುಣಿಸಿದ್ರೂ ಒಂದ. ಅಷ್ಟರಿ. ಬ್ಯಾರೆ ನಂಟಿಲ್ಲ.”

“ಗಂಟಿನ ಹತ್ರ ಆ ನಂಟು ಎಷ್ಟು ಸಡಿಲು?”

ಸುಕನ್ಯಾಳ ಕಣ್ಣಿನಿಂದ ನೀರು ಇಳಿಯಿತು. “ಹಾಳಿ ಮೂರು, ಸಡಿಲೂ ಮೂರು ಪಟ್ಟುರಿ ಸರ.”

ಮೂರು ಪಟ್ಟು ಸಡಿಲಾದರೆ ಗುಣಕರ ಮನೆತನವಲ್ಲ ಎಂಬುದು ಅವರೇ ಸಾಧಿಸಿ, ಅವರೇ ಕಲಿಸಿ, ಅವರೇ ಪರೀಕ್ಷೆಯಲ್ಲಿ ಕೇಳಿದ್ದ ಕಟ್ಟಳೆ. ಅವರ ಒಂದು ಸತ್ಯ ಅವರ ಇನ್ನೊಂದು ನಂಬಿಕೆಯ ಎದುರು ನಿಂತಿತ್ತು, ನಡುವೆ ಅವರು ನೂಲು ಹಿಡಿದು ನಿಂತಿದ್ದರು. ಫ್ಯಾನಿಲ್ಲದ ಕೋಣೆಯಲ್ಲಿ ಎಲ್ಲರ ಮುಖದಿಂದ ಬೆವರು ಸುರಿಯುತ್ತಿತ್ತು, ಆದರೆ ಒರೆಸಿಕೊಳ್ಳಲು ಯಾರೂ ನೂಲು ಬಿಡಲಿಲ್ಲ. ಭಾಗ್ಯಾ ಬಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು. ಲೆಕ್ಕ ತಿಳಿಯದಿದ್ದರೂ ಏನೋ ಮುಗಿಯಿತೆಂದು ಅವರಿಗೆ ತಿಳಿದಿತ್ತು.

ಸರ್ ಕೈಯಲ್ಲಿದ್ದ ನೂಲನ್ನು ಅನುಸರಿಸಿ ಕಣ್ಣು ಮೇಲೆತ್ತಿದರು. ಒಂಬತ್ತೂ ನೂಲು ಒಂದಾಗುವ ಗಂಟನ್ನು ನೋಡಿದರು. ಬಾಯಿ ಸ್ವಲ್ಪ ತೆರೆದಿತ್ತು. ನಕ್ಷತ್ರ ತೋರಿಸಿದಾಗ ಮಕ್ಕಳು ನೋಡುವಂತೆ ನೋಡಿದರು.

“ಮೂವತ್ತು ವರ್ಷ ಈ ಫ್ಯಾನಿನ ಕೆಳಗ ನಿಂತೇನಿ. ಒಂದ ದಿನಾನೂ ಮ್ಯಾಲ ನೋಡಿದ್ದಿಲ್ಲ.”

ಸುಕನ್ಯಾ ಮುಖ ಮುಚ್ಚಿಕೊಂಡಳು. “ತಪ್ಪಾತ್ರಿ ಸರ. ಇವತ್ತ ಕೇಳಬಾರದಿತ್ತು.”

“ಏ ಹುಚ್ಚಿ!” ಸರ್ ಅವರ ಧ್ವನಿ ಒಡೆದಿತ್ತು, ಆದರೆ ಅದು ದುಃಖದ ಧ್ವನಿಯಾಗಿರಲಿಲ್ಲ. “ಈ ಮನೆತನ ನನಗ ಪೂರಾ ಗೊತ್ತು ಅಂತ ತಿಳಕೊಂಡಿದ್ದೆ. ಗೊತ್ತಾಗಿದ್ದು ಬರೇ ಅಂಗಳ. ಒಳಗ ಇಷ್ಟು ದೊಡ್ಡದೈತಿ ಅಂತ ಇವತ್ತ ನೀ ಬಾಗಿಲಾ ತಗದಿ. ಮುಚ್ಚಿದ್ರ ಸಾಲೂದಿಲ್ಲ, ಇನ್ನೂ ಏನೋ ಬೇಕು. ಏನು ಬೇಕು? ನೋಡ್ರಿ, ಏನು ಬೇಕು ಅಂತ ಯಾರಿಗೆ ಗೊತ್ತೈತಿ?” ಎಂದು ಮಂಡಿಯೂರಿದ್ದ ಪ್ರಿನ್ಸಿಪಾಲರನ್ನೇ ಕೇಳಿದರು. ಅವರು ವಾಣಿಜ್ಯಶಾಸ್ತ್ರದವರು; ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ತಲೆಯಾಡಿಸಿದರು.

ಆಗ ಸುಕನ್ಯಾ ಉಳಿದದ್ದನ್ನೂ ಹೇಳಿದಳು. ದೂರದಲ್ಲಿ ಬೇರೆಯವರು ಇಂಥದ್ದನ್ನು ಬಹಳ ಹಿಂದೆಯೇ ಕಂಡಿದ್ದಾರೆ, ಓದಲು ಬಹಳವಿದೆ, ತಂದುಕೊಡುತ್ತೇನೆ ಎಂದಳು.

“ಕಂಡಾರ? ಕಾಣ್ಲಿ. ಅವರೂ ಫ್ಯಾನಿಗೆ ಕಟ್ಟಿ ನೋಡಿದ್ರೇನು?” ಎಂದು ಸರ್ ನಕ್ಕುಬಿಟ್ಟರು. ಭಾಗ್ಯಾ ಬಾಯಿಯೂ ನಕ್ಕರು, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಸರ್ ಮೆಲ್ಲಗೆ, “ತಂದು ಕೊಡು. ಇನ್ನ ಓದತೇನಿ” ಎಂದರು.

ನೂಲನ್ನು ಭಾಗ್ಯಾ ಬಾಯಿಯ ಇನ್ನೊಂದು ಕೈಗೆ ಕೊಟ್ಟು ಬೋರ್ಡಿನ ಹತ್ತಿರ ಹೋದರು. ಕೊನೆಯ ಸಾಲನ್ನು ಅಂಗೈಯಿಂದಲೇ ಒರೆಸಿದರು. ಪದ್ಧತಿಯ ಪ್ರಕಾರ ಪ್ರಶ್ನೆಗೆ ಉತ್ತರ ಬರೆಯಬೇಕಿತ್ತು. ಬರೆದರು: ಯಾವ ಮುಳ್ಳಿನದೂ ಅಲ್ಲ.

ಉತ್ತರವಾಯಿತು. ಈಗ ಸೀಮೆಸುಣ್ಣದ ತುಂಡು ಮೇಜಿಗೆ ಹೋಗಬೇಕು. ಪ್ರಿನ್ಸಿಪಾಲರು ಮಂಡಿಯ ಮೇಲೆಯೇ ಶಾಲು ಬಿಡಿಸತೊಡಗಿದರು. ಸರ್ ಮೇಜಿನವರೆಗೆ ಬಂದರು, ಕೈ ಚಾಚಿದರು, ನಿಂತರು. ಆಮೇಲೆ ತಿರುಗಿ ನೂಲುಗಳ ಒಳಗೆ ಬಗ್ಗಿ ಹೋಗಿ, ಹೆಂಡತಿಯ ಕೈಯಿಂದ ನಡುವಿನ ನೂಲು ತೆಗೆದುಕೊಂಡು, ಅದರ ತುದಿಗೆ ಆ ಸುಣ್ಣದ ತುಂಡನ್ನು ಕಟ್ಟಿ ಕೈಬಿಟ್ಟರು.

ಅದು ಸ್ವಲ್ಪ ಹೊತ್ತು ಅತ್ತಿತ್ತ ತೂಗಿತು. ಎಲ್ಲರೂ ನೋಡುತ್ತಿದ್ದರು. ತೂಗಿ ತೂಗಿ, ನಡುವಿನ ಚುಕ್ಕಿಯ ಮೇಲೆ, ನೆಲಕ್ಕೆ ತಾಗದೆ ನಿಂತಿತು. ಸರ್ ಮುಂದಿನ ಬೆಂಚಿಗೆ ಹೋಗಿ ವಿದ್ಯಾರ್ಥಿಗಳ ಜಾಗದಲ್ಲಿ ಕೂತು, ಸುಕನ್ಯಾಳಿಗೆ ಬೋರ್ಡು ತೋರಿಸಿದರು.

“ಮುಂದಿಂದು ಹೇಳವಾ” ಎಂದರು.

ಸುಕನ್ಯಾ ಮುಖ ಒರೆಸಿಕೊಂಡು ಎದ್ದು ಹೋದಳು. ಟಕ್ ಸದ್ದಿಗೆ ಕಾದಿದ್ದ ಪ್ರಿನ್ಸಿಪಾಲರು ಒಂದು ಕೈಯಲ್ಲಿ ನೂಲು, ಒಂದು ಕೈಯಲ್ಲಿ ಶಾಲು ಹಿಡಿದು ಇನ್ನೂ ಕಾಯುತ್ತಲೇ ಇದ್ದರು.